ಅಂಗಳಕ್ಕೆ ಬಿಡಿ ಮಕ್ಕಳನ್ನು

ಬೇಸಿಗೆ ರಜೆಗೆ ಮೊಮ್ಮಗಳು ಉಡುಪಿಯ ನಮ್ಮ ಮನೆಗೆ ಬಂದಾಗ ಮೊದಲು ಕಂಡದ್ದು ಅವಳ ಹೊಸ ಕನ್ನಡಕ. ಏಳೇ ವರ್ಷ. ನನಗೆ ತುಂಬಾ ಸಂಕಟವಾಯಿತು.

ದೂರದ್ದು ಮಸುಕಾಗುವ ಈ ತೊಂದರೆಯಲ್ಲಿ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆಯುತ್ತದೆ. ಹಗಲಿನ ಬೆಳಕು ಬಿದ್ದಾಗ ಕಣ್ಣಿನೊಳಗೆ ಹುಟ್ಟುವ ಡೋಪಮಿನ್ ಎಂಬ ರಾಸಾಯನಿಕ ಈ ಬೆಳವಣಿಗೆಯನ್ನು ನಿಧಾನಿಸುತ್ತದೆ ಅಂತ ತಜ್ಞರು ಹೇಳುತ್ತಾರೆ. ತೈವಾನಿನಲ್ಲಿ 2010ರಿಂದ ಶಾಲೆಯ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕ್ರಮ ತಂದರು. ದೃಷ್ಟಿ ಕಮ್ಮಿಯಾದ ಮಕ್ಕಳ ಪ್ರಮಾಣ ಆಮೇಲಿನ ವರ್ಷಗಳಲ್ಲಿ ಇಳಿಯಿತು. ಸುಡುಬಿಸಿಲಲ್ಲಿ ನಿಲ್ಲಿಸಬೇಕೆಂದಿಲ್ಲ. ಮಾವಿನ ಮರದ ನೆರಳಲ್ಲೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ. ಬಂದ ಕನ್ನಡಕ ಇದರಿಂದ ಹೋಗುವುದಿಲ್ಲ, ಅದನ್ನು ತಪ್ಪದೆ ಹಾಕಿಸಿ. ಇನ್ನೂ ಬಾರದ ಮಕ್ಕಳಿಗೆ ಇದು ದೊಡ್ಡ ಆಸರೆ.

ಆದರೆ ಸುಮ್ನೆ "ಹೊರಗೆ ಹೋಗಿ ಆಡು" ಅಂದರೆ ಆಗಲಿಕ್ಕಿಲ್ಲ. ಕೈಗೆ ಏನಾದರೂ ಕೊಡಬೇಕು. ನಾನು ಅಡಿಕೆ ಹಾಳೆ ಕೊಟ್ಟೆ. ಹಾಳೆಯ ಮೇಲೆ ಒಬ್ಬರು ಕೂರುವುದು, ಸೋಗೆ ಹಿಡಿದು ಇನ್ನೊಬ್ಬರು ಎಳೆಯುವುದು. ಎಳೆಯುವವರ ಕೈಕಾಲಿಗೆ ಬಲ ಬರುತ್ತದೆ, ಕೂತವರು ಬೀಳದ ಹಾಗೆ ಮೈ ಹಿಡಿದಿಡಲು ಕಲಿಯುತ್ತಾರೆ. ಪಕ್ಕದ ಮನೆಯ ಹುಡುಗನೂ ಸೇರಿಕೊಂಡ. ಆ ರಾತ್ರಿ ಅವಳು ಗಂಜಿ ಎರಡು ಸಲ ಬಡಿಸಿಕೊಂಡಳು, ಒಂಬತ್ತಕ್ಕೆಲ್ಲ ನಿದ್ದೆ.

ಮರುದಿನ ಮಂಜೊಟ್ಟಿ ಮರದ ಕೆಂಪು ಬೀಜ ಹೆಕ್ಕಿ, ಹತ್ತು ಹತ್ತರ ರಾಶಿ ಮಾಡಿ ಲೆಕ್ಕ ಹಾಕಿಸಿದೆ. "ಅಜ್ಜಿ, ಇದಕ್ಕೆ ಕಪ್ಪು ಮೂತಿ ಇದೆ" ಎಂದಳು. ಅದು ಗುಲಗಂಜಿ! ಅಗಿದು ನುಂಗಿದರೆ ವಿಷ. ಮಕ್ಕಳಿಗೆ ಈ ವ್ಯತ್ಯಾಸ ಮೊದಲೇ ತೋರಿಸಿಕೊಡಿ. ಬಾಯಿಗೆ ಹಾಕುವ ವಯಸ್ಸಿನ ಮಗುವಿದ್ದರೆ ಯಾವ ಬೀಜವೂ ಬೇಡ. ಹಸಿ ಗೇರುಬೀಜ ಜಜ್ಜಲೂ ಬಿಡಬೇಡಿ, ಸೊನೆ ತಾಗಿದಲ್ಲಿ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ.

ಮಳೆಗಾಲದಲ್ಲೂ ಮಳೆ ಬಿಟ್ಟ ಹೊತ್ತಿಗೆ ಹೊರಗೆ ಕಳಿಸಿ. ಕಾಲಲ್ಲಿ ಗಾಯವಿದ್ದರೆ ಮಾತ್ರ ನಿಂತ ನೀರಿಗೆ ಇಳಿಸಬೇಡಿ. ಇಲಿಜ್ವರದ ರೋಗಾಣು ಗಾಯದಿಂದಲೇ ಒಳಗೆ ಹೋಗುವುದು ಜಾಸ್ತಿ. ಬಾವಿಗೆ ಬಲೆ ಹಾಕಿಸಿ. ಸಂಜೆ ಸೊಳ್ಳೆ ಏಳುವ ಮುಂಚೆ ಒಳಗೆ ಕರೆಯಿರಿ.

ಮಂಗಳೂರಿನ ಫ್ಲಾಟಿನಲ್ಲಿ ಅಂಗಳ ಎಲ್ಲಿಂದ ತರುವುದು ಅಂತ ಮಗಳು ಕೇಳಿದಳು. ದಿನಾ ಸಂಜೆ ಕದ್ರಿ ಪಾರ್ಕ್, ರಜೆಯ ದಿನ ಪಿಲಿಕುಳ ನಿಸರ್ಗಧಾಮ ಎಂದೆ. ಹೋಗುವಾಗ ಒಂದು ಹಾಳೆಯನ್ನೂ ಕಾರಿನ ಡಿಕ್ಕಿಗೆ ಹಾಕಿ ಕಳಿಸಿದ್ದೇನೆ.