ಮದ್ದುಸೊಪ್ಪಿನ ನೂಲು, ಖಾರ ಉಂಡ ಕೌದಿ

ನಮ್ಮಜ್ಜಿ ಕೌದಿ ಹೊಲಿಯುತ್ತಿದ್ದದ್ದು ರಾಣೆಬೆನ್ನೂರಿನ ಬಿಸಿಲಲ್ಲಿ ಕೂತು. ನಾನು ಹೊಲಿಯೋದು ಮಡಿಕೇರಿ ಮಳೆಯಲ್ಲಿ. ಕೈ ಕೆಲಸ ಒಂದೇ ಅಲ್ವಾ, ಊರು ಯಾವುದಾದರೇನು ಅಂದುಕೊಂಡಿದ್ದೆ. ಮೊದಲನೇ ಕೌದಿಯೇ ನನ್ನ ಸೊಕ್ಕು ಇಳಿಸಿತು.

ಅದನ್ನು ಅಜ್ಜಿ ಮಾಡಿದ ಹಾಗೇ ಮಾಡಿದ್ದೆ. ಕೆಳಗೆ ಹಳೇ ಇಳಕಲ್ ಸೀರೆ, ನಡುವೆ ಎರಡು ಪದರ ಹಳೇ ಪಂಚೆ, ಮೇಲೆ ತುಂಡು ಬಟ್ಟೆಗಳು. ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುವ ಸಾದಾ ಹೊಲಿಗೆ. ಕೊನೇ ಮೂಲೆ ಮುಚ್ಚುವ ಮುಂಚೆ ಅಜ್ಜಿ ನಾಲ್ಕು ಅಕ್ಕಿ ಕಾಳು ಒಳಗೆ ಹಾಕುತ್ತಿದ್ದಳು, ಕೌದಿ ಹಸಿದುಕೊಂಡಿರಬಾರದು ಅಂತ. ನಾನೂ ಹಾಕಿದೆ. ಜುಲೈನಲ್ಲಿ ಒಗೆದೆ. ಅದೇ ತಪ್ಪು. ಒಂಬತ್ತು ದಿನ ಆದರೂ ಒಣಗಲಿಲ್ಲ. ಬೂಷ್ಟು ವಾಸನೆ ಹಿಡಿಯಿತು. ಆ ಮೂಲೆ ಗಟ್ಟಿಯಾಗಿದೆಯಲ್ಲ ಅಂತ ಬಿಚ್ಚಿ ನೋಡಿದರೆ ಅಕ್ಕಿ ಕೊಳೆತು ಅಂಟಾಗಿ ಕೂತಿತ್ತು. ಕೊನೆಗೆ ಪಕ್ಕದ ಮನೆ ಆಂಟಿಯ ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆವು. ಈಗಲೂ ಹೊದ್ದರೆ ಹೊಗೆ ವಾಸನೆ. ನನಗೇನೋ ಅದು ಇಷ್ಟವೇ.

ಎರಡನೇದಕ್ಕೆ ನೂಲೂ ನನ್ನದೇ ಇರಲಿ ಅನ್ನಿಸಿತು. ಪೆಟ್ಟಿಗೆ ಚರಕ ಒಂದು ಮನೆಯಲ್ಲಿ ಸುಮ್ನೆ ಬಿದ್ದಿತ್ತು. ಗಾಂಧೀಜಿ ಯರವಡಾ ಜೈಲಿನಲ್ಲಿ ತಿದ್ದಿ ರೂಪ ಕೊಟ್ಟದ್ದಕ್ಕೆ ಇದನ್ನು ಯರವಡಾ ಚರಕ ಅಂತಲೂ ಕರೆಯುತ್ತಾರೆ. ಮುಚ್ಚಿದರೆ ದಪ್ಪ ಪುಸ್ತಕದಷ್ಟು. ಬಲಗೈಯಲ್ಲಿ ಚಕ್ರ, ಎಡಗೈಯಲ್ಲಿ ಹಂಜಿ, ಅಂದರೆ ಹಿಂಜಿದ ಹತ್ತಿಯ ಸುರುಳಿ. ಹಂಜಿಯನ್ನು ಕದಿರಿಗೆ (ಗಿರಗಿರ ತಿರುಗುವ ಕಡ್ಡಿಗೆ) ಓರೆಯಾಗಿ ಹಿಡಿದು ಹಿಂದಕ್ಕೆ ಎಳೆದರೆ ತಿರುಚು ಏರುತ್ತದೆ, ನೇರ ಅಡ್ಡಕ್ಕೆ ತಂದರೆ ನೂಲು ಸುತ್ತಿಕೊಳ್ಳುತ್ತದೆ. ಹೇಳೋಕೆ ಎರಡು ಸಾಲು. ಕೈಗೆ ಬರೋಕೆ ನನಗೆ ಒಂದು ತಿಂಗಳು ಬೇಕಾಯಿತು. ಹೆಬ್ಬೆರಳಿನ ಬಿಗಿ ಚೂರು ಹೆಚ್ಚಾದರೆ ಎಳೆ ಪಟ್ಟಂತ ತುಂಡು. ಬಿಟ್ಟರೆ ಹುಳದ ಹಾಗೆ ದಪ್ಪ.

ಇಲ್ಲಿ ಮಾತ್ರ ಮಳೆ ನನ್ನ ಕಡೆ ಇತ್ತು. ಹತ್ತಿ ನೂಲಿಗೆ ತೇವ ಇದ್ದರೆ ಬಲ ಜಾಸ್ತಿ, ಗಿರಣಿಗಳಲ್ಲೂ ಅದಕ್ಕೇ ಗಾಳಿಗೆ ತೇವ ಕೊಡುತ್ತಾರೆ. ಮಾರ್ಚ್‌ನಲ್ಲಿ ಹತ್ತು ಸಲ ತುಂಡಾಗುತ್ತಿದ್ದದ್ದು ಜೂನ್‌ನಲ್ಲಿ ಎರಡೋ ಮೂರೋ ಸಲ. ಆದರೆ ಚಕ್ರದ ದಾರವೂ ಹತ್ತಿಯದೇ ತಾನೇ? ಅದು ತೇವಕ್ಕೆ ಬಿಗಿದುಕೊಂಡು ಚಕ್ರ ಭಾರ ಆಗುತ್ತದೆ. ಮಳೆಗಾಲಕ್ಕೆ ಅಂತ ಒಂದು ಸಡಿಲ ದಾರ ಬೇರೆ ಮಾಡಿಟ್ಟುಕೊಂಡೆ.

ಒಂಟಿ ಎಳೆಯಲ್ಲಿ ಹೊಲಿಯೋಕೆ ಹೋಗಬೇಡಿ. ನಾಲ್ಕು ಎಳೆ ಸೇರಿಸಿ, ನೂತ ದಿಕ್ಕಿಗೆ ಉಲ್ಟಾ ಹುರಿ ಮಾಡಿ, ಆಮೇಲೆ ಜೇನುಮೇಣದ ಮೇಲೆ ಎಳೆದುಕೊಳ್ಳಬೇಕು. ಮೇಣಕ್ಕೆ ಕೊಡಗಿನಲ್ಲಿ ಬರವೇ? ಸವರಿದ ನೂಲು ನಾಲ್ಕು ಪದರದಲ್ಲೂ ಸರ್ ಅಂತ ಜಾರುತ್ತದೆ.

ಇನ್ನು ಬಣ್ಣದ ಕಥೆ. ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದುಸೊಪ್ಪಿನಲ್ಲಿ ಹದಿನೆಂಟು ಔಷಧಿ ಸೇರಿರುತ್ತದೆ ಅನ್ನೋದು ಇಲ್ಲಿನ ನಂಬಿಕೆ. ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟು ಸೊಪ್ಪು. ಆಂಟಿ ಹೇಳಿಕೊಟ್ಟ ಹಾಗೆ ಕುದಿಸಿ ಸೋಸಿದೆ. ಹಸಿರು ಸೊಪ್ಪಿನಿಂದ ಗಾಢ ನೇರಳೆ ನೀರು ಇಳಿಯುವುದನ್ನು ನೋಡಿಯೇ ನಂಬಬೇಕು. ಅರ್ಧ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡಿದೆ. ಉಳಿದ ಅರ್ಧಕ್ಕೆ ನೂಲಿನ ಲಡಿ ಅದ್ದಿದೆ.

"ಅದು ತಿನ್ನೋ ಸೊಪ್ಪು ಮಾರಾಯ್ತಿ" ಅಂದರು ಆಂಟಿ.

ಮೊದಲು ಲಡಿ ಮುಳುಗಲೇ ಇಲ್ಲ, ತೇಲಿತು. ಹಸಿ ಹತ್ತಿಯಲ್ಲಿ ಅದರದ್ದೇ ಮೇಣ ಇರುತ್ತದೆ, ನೀರು ಒಳಗೆ ಬಿಡುವುದಿಲ್ಲ. ತೆಗೆದು, ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿದೆ. ನೀರು ಚಹಾ ಬಣ್ಣಕ್ಕೆ ತಿರುಗಿತು. ಚೆನ್ನಾಗಿ ತೊಳೆದು ಮತ್ತೆ ಅದ್ದಿದೆ. ಬೆಳಗ್ಗೆ ನೋಡಿದರೆ ಎಂಥಾ ನೇರಳೆ! ಮನೆಯವರಿಗೆಲ್ಲ ತೋರಿಸಿದೆ. ಸೋಪಿನಲ್ಲಿ ಒಂದು ಸಲ ಒಗೆದೆ ನೋಡಿ, ಪಾತ್ರೆ ತೊಳೆದ ನೀರಿನ ಬಣ್ಣ ಉಳಿಯಿತು. ಆಂಟಿ ಏನೂ ಅನ್ನಲಿಲ್ಲ. ಪಾಯಸ ಇನ್ನೊಂದು ಲೋಟ ಹಾಕಿಸಿಕೊಂಡರು.

ಕೈ ಹಿಡಿದದ್ದು ಅಡಿಕೆ ಚೊಗರು. ತೀರ್ಥಹಳ್ಳಿಯ ಗೆಳತಿ ಬಾಟಲಿಯಲ್ಲಿ ತುಂಬಿ ಕೊಟ್ಟಳು. ಅವರಲ್ಲಿ ಎಳೇ ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಚೊಗರು ಆಗುತ್ತದೆ. ಅದರ ಒಗರೇ ಬಣ್ಣವನ್ನು ಹತ್ತಿಗೆ ಕಚ್ಚಿಸುತ್ತದೆ. ಚೂರು ಪಟಿಕ ಸೇರಿಸಿ ಕುದಿಸಿದ್ದಕ್ಕೆ ಕೆಂಪುಗಂದು ಬಂತು, ನಾಲ್ಕು ಒಗೆತಕ್ಕೂ ಜಗ್ಗಲಿಲ್ಲ. ಪಟಿಕ ಹಾಕಿದ ಪಾತ್ರೆಯನ್ನು ಮಾತ್ರ ಮತ್ತೆ ಅಡುಗೆಗೆ ಬಳಸಬೇಡಿ. ನಂದು ಕಡುಬು ಬೇಯಿಸುವ ಪಾತ್ರೆ, ಹೊಸದು ಕೊಳ್ಳಬೇಕಾಯಿತು.

ಹೊಲಿಗೆ ಮುಗಿಯುವಾಗ ನವೆಂಬರ್. ಎಷ್ಟೋ ಸಂಜೆ ಕಡುಬು ಒಲೆ ಮೇಲಿಟ್ಟು ಒಂದು ಸುತ್ತು ಹೊಲಿಯೋಣ ಅಂತ ಕೂತು, ತಳದ ನೀರು ಇಂಗಿಸಿ ಪಾತ್ರೆ ಕರಕು ಮಾಡಿದ್ದೇನೆ. ಕೊನೇ ಮೂಲೆಗೆ ಬಂದಾಗ ಅಕ್ಕಿ ಡಬ್ಬಿಗೆ ಕೈ ಹೋಯಿತು. ಹಳೇದು ನೆನಪಾಗಿ, ಪಕ್ಕದ ಡಬ್ಬಿಯಿಂದ ನಾಲ್ಕು ಕರಿಮೆಣಸು ತೆಗೆದು ಹಾಕಿ ಹೊಲಿದುಬಿಟ್ಟೆ. ನಮ್ಮ ಹಿತ್ತಲಿನ ಬಳ್ಳಿಯದ್ದೇ, ಚೆನ್ನಾಗಿ ಒಣಗಿದ್ದು.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅನ್ನ ಬಿಟ್ಟು ಬರೀ ಖಾರ ಉಣಿಸೀಯಲ್ಲವ್ವಾ ಅದಕ್ಕ" ಅಂದಳು.