ಫೋನಿನಲ್ಲಿ 2ಜಿ ಆಫ್ ಮಾಡಿಡಿ
ಆಂಡ್ರಾಯ್ಡ್ 12 ಅಥವಾ ನಂತರದ ಫೋನ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು 'ಅಲೋ 2ಜಿ' ಆಯ್ಕೆ ಕಂಡರೆ ಆಫ್ ಮಾಡಿ, ಕೆಲವು ಫೋನುಗಳಲ್ಲಿ ಅದು ಇರದು. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ. ಹಳೇ ಕಾಲದ ಮೊಬೈಲ್ ಜಾಲವಾದ 2ಜಿಯಲ್ಲಿ ಟವರ್ ತಾನು ಅಸಲಿ ಎಂದು ಫೋನಿಗೆ ಸಾಬೀತು ಮಾಡಬೇಕಾಗಿಲ್ಲ, ಅದರ ಹಳೇ ಗೂಢಲಿಪಿ ಎ5/1 ಅನ್ನು ಮುರಿದು ವರ್ಷಗಳೇ ಆದವು. ಹಾಗಾಗಿ ನಕಲಿ ಟವರ್ ಇಟ್ಟವರು ಫೋನನ್ನು 4ಜಿಯಿಂದ 2ಜಿಗೆ ಇಳಿಸಿ ಕರೆ, ಎಸ್ಸೆಮ್ಮೆಸ್ ಕದ್ದು ಕೇಳುತ್ತಾರೆ, ಬ್ಯಾಂಕಿನ ಹೆಸರಲ್ಲಿ ಸುಳ್ಳು ಸಂದೇಶವನ್ನೂ ತುರುಕುತ್ತಾರೆ. ಆಫ್ ಮಾಡುವ ಮೊದಲು ವೋಲ್ಟಿ (VoLTE, 4ಜಿ ಮೂಲಕವೇ ಕರೆ ಮಾಡುವ ವ್ಯವಸ್ಥೆ) ಆನ್ ಇದೆಯೇ ನೋಡಿ, ಇಲ್ಲವಾದರೆ ಕರೆಯೇ ಹೋಗದಿರಬಹುದು. ಯಾರಿಗಾದರೂ ಕರೆ ಮಾಡಿ, ಮಾತಾಡುವಾಗಲೂ ಮೇಲೆ 4ಜಿ ಗುರುತು ಹಾಗೇ ಉಳಿದರೆ ಸರಿಯಾಗಿದೆ. ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ 4ಜಿ ಕೈಕೊಟ್ಟರೆ ಸಿಗ್ನಲ್ಲೇ ಇರದು, ಆಗ ತಾತ್ಕಾಲಿಕವಾಗಿ ಆನ್ ಮಾಡಿಕೊಳ್ಳಿ. 112ರಂಥ ತುರ್ತು ಕರೆಗೆ ಮಾತ್ರ ಆಂಡ್ರಾಯ್ಡ್ ತಾನೇ 2ಜಿ ಬಳಸುತ್ತದೆ. ಜಿಯೋಗೆ 2ಜಿಯೇ ಇಲ್ಲ, ಆದರೂ ಆಫ್ ಮಾಡಿ, ನಕಲಿ ಟವರಿಗೆ ಅದು ಲೆಕ್ಕವಿಲ್ಲ. ಐಫೋನಿನಲ್ಲಿ ಲಾಕ್‌ಡೌನ್ ಮೋಡ್ ಎಂಬ ಬಿಗಿ ಭದ್ರತೆಯ ಆಯ್ಕೆ ಹಾಕಿದರಷ್ಟೇ 2ಜಿ ಬಂದ್ ಆಗುವುದು. ಸರ್ಕಾರವು ಮೊಬೈಲ್ ಕಂಪನಿಯ ಎಕ್ಸ್‌ಚೇಂಜಿನಲ್ಲೇ ಕರೆ ಆಲಿಸಿದರೆ ಇದು ತಡೆಯದು, ಅದಕ್ಕೆ ಕರೆಯನ್ನು ಒಂದು ಫೋನಿನಿಂದ ಇನ್ನೊಂದರವರೆಗೂ ಗೂಢಲಿಪಿಯಲ್ಲಿಡುವ 'ಸಿಗ್ನಲ್'ನಂಥ ಆ್ಯಪಿನಲ್ಲಿ ಮಾತಾಡಬೇಕು.