ತವರದ ತಟ್ಟೆಯ ಅಂಚಿನ ಸುಕ್ಕು ಹೋಗಿದ್ದು ಹೀಗೆ

ಜಪಾನಿನ ತಕಾವೊಕಾದಲ್ಲಿ ಹೊಸಬರಿಗೆ ಲೋಹದ ಕೆಲಸ ಕಲಿಸುವ ತರಗತಿಗೆ ಸೇರಿದ್ದೆ. ಈ ಊರಿನಲ್ಲಿ ಎರಕದ ಕೆಲಸ 17ನೇ ಶತಮಾನದ ಆರಂಭದಿಂದಲೂ ಇದೆ. ನಮಗೆ ಕೊಟ್ಟಿದ್ದು ದುಂಡಗೆ ಕತ್ತರಿಸಿದ ತವರದ ಹಾಳೆ, ಮರದ ಕೊಡತಿ, ನಡುವೆ ತಗ್ಗು ಇರುವ ದಿಮ್ಮಿ.

ತಗ್ಗಿನಲ್ಲಿಟ್ಟು ಬಡಿದಂತೆ ನಡುಭಾಗ ಇಳಿಯಿತು. ಅಂಚು ಮಾತ್ರ ಸೀರೆ ನೆರಿಗೆಯ ಹಾಗೆ ಎದ್ದಿತು. ತಟ್ಟೆ ಆಳವಾದಂತೆ ಅಂಚಿನ ಸುತ್ತಳತೆ ಕಡಿಮೆಯಾಗಬೇಕು, ಉಳಿದ ಲೋಹಕ್ಕೆ ಜಾಗ ಎಲ್ಲಿ? ತಾಮ್ರವಾದರೆ ಬಡಿದಷ್ಟೂ ಗಟ್ಟಿಯಾಗುತ್ತದೆ, ಆಗಾಗ ಕಾಯಿಸಿ ಮೆದು ಮಾಡಬೇಕು. ತವರಕ್ಕೆ ಆ ಕಾಟವಿಲ್ಲ. ಕಾಯಿಸಲು ಹೋದರೆ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಮನೆಯಲ್ಲಿ ಈಯದ, ಅಂದರೆ ತವರದ, ಚೊಂಬು ಇರುವವರಿಗೆ ಇದು ಗೊತ್ತೇ ಇರುತ್ತೆ, ಅಲ್ವಾ?

ತಗ್ಗಿನಲ್ಲಿ ಬಡಿಯುವುದನ್ನು ನಿಲ್ಲಿಸಿ, ತಟ್ಟೆಯನ್ನು ಬೋರಲು ಹಾಕಿ, ತಲೆ ದುಂಡಗಿರುವ ಮರದ ಗೂಟದ ಮೇಲೆ ಕೂರಿಸಿದೆ. ಒಂದೊಂದು ನೆರಿಗೆಯನ್ನೂ ಅದು ಶುರುವಾಗುವ ಕಡೆಯಿಂದ ಅಂಚಿನವರೆಗೆ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾ ಬಂದೆ. ಒಂದೇ ಏಟಿಗೆ ಚಪ್ಪಟೆ ಮಾಡಲು ಹೋಗಬಾರದು. ನೆರಿಗೆ ಮಡಚಿಕೊಂಡರೆ ಅಲ್ಲೇ ಬಿರುಕು ಬಿಡುತ್ತದೆ. ಒಂದು ಸುತ್ತು ಮುಗಿದ ಮೇಲೆ ಮತ್ತೆ ತಗ್ಗಿಗೆ. ಸ್ವಲ್ಪ ಆಳ, ಆಮೇಲೆ ನೆರಿಗೆ, ಮತ್ತೆ ಆಳ. ತಾಳ್ಮೆ ಬೇಕು, ಬಲ ಅಲ್ಲ.

ಕಬ್ಬಿಣದ ಸುತ್ತಿಗೆ ಕೊನೆಗೆ, ಮೇಲಿನ ಚುಕ್ಕಿ ವಿನ್ಯಾಸಕ್ಕೆ ಮಾತ್ರ. ಮೊದಲೇ ಬಳಸಿದರೆ ಹಾಳೆ ತೆಳುವಾಗಿ ಹಿಗ್ಗುತ್ತದೆ, ನೆರಿಗೆ ಇನ್ನೂ ಜಾಸ್ತಿಯಾಗುತ್ತದೆ.

ತಳ ಅಲುಗಾಡುತ್ತಿತ್ತು. ಅದು ದೊಡ್ಡ ವಿಷಯವಲ್ಲ. ಸಮತಟ್ಟಾದ ಹಲಗೆಯ ಮೇಲಿಟ್ಟು ಒಳಗಿನಿಂದ ಕೊಡತಿಯಲ್ಲಿ ನಾಲ್ಕೇಟು ಹಾಕಿದೆ, ಕೂತುಕೊಂಡಿತು.